ಒಂಬತ್ತು ಸಲ ಎತ್ತಿದ ಕೈ

ಹೋದ ತಿಂಗಳು ಶಾಂತವೀರಮ್ಮನ ಶಾಲೆ ನೋಡಲು ಹೋಗಿದ್ದೆ. ಮದಕರಿಪುರ ದಾಟಿ ಎರಡು ಮೈಲಿ ನಡೆದರೆ ಸಿಗುವ, ಕುರಿ ಸಾಕುವವರ ಒಂದು ಹಟ್ಟಿ ಅದು. ಶಾಲೆಯ ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದರು. ಹಸಿ ಸುಣ್ಣದ ವಾಸನೆ, ಅದರ ಜೊತೆಗೆ ಮಕ್ಕಳು ಗಾಳಿಗೆಂದು ಹೊದ್ದು ಬಂದ ಕಂಬಳಿಗಳ ಉಣ್ಣೆಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ, ಐದು ವರ್ಷದ ಹಿಂದಿನ ಸಿಟ್ಟು ಮತ್ತೆ ಎದ್ದು ಕುಳಿತಿತು.

“ಬಾರೆ ಒಳಗೆ. ಬಾಗಿಲಾಗೆ ನಿಂತ್ಕಂಡು ಏನು ಎಣಿಸ್ತಿದೀಯ?” ಎಂದಳು ಶಾಂತ.

ನಾನು ಎಣಿಸುತ್ತಿರಲಿಲ್ಲ. ಕಡೇ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವ ಜಾಗವನ್ನು ನೋಡುತ್ತಿದ್ದೆ.

ಅದು ಎಪ್ಪತ್ತಮೂರನೇ ಇಸವಿ. ಶಾಂತ ಹೊಸದುರ್ಗದ ಕಡೆಯವಳು, ನಾನು ಹಿರಿಯೂರು ತಾಲ್ಲೂಕಿನ ಆದಿವಾಲದವಳು. ಇಬ್ಬರೂ ಶಿಕ್ಷಕರ ತರಬೇತಿಗೆಂದು ದುರ್ಗಕ್ಕೆ ಬಂದು ಹಾಸ್ಟೆಲಿನಲ್ಲಿ ಒಂದೇ ಕೋಣೆ ಹಿಡಿದಿದ್ದೆವು. ಆ ವರ್ಷದ ನನ್ನ ದಿನಚರಿ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ತಾರೀಖು, ವೇಳೆ, ಎಣಿಕೆ ಇಲ್ಲದೆ ನಾನು ಏನನ್ನೂ ಬರೆದವಳಲ್ಲ. ಹಾಗಾಗಿ ಮುಂದೆ ಹೇಳುವುದರಲ್ಲಿ ನೆನಪಿನ ತಪ್ಪು ಕಡಿಮೆ. ಬೇರೆ ತಪ್ಪು ಇದೆ, ಅದನ್ನೂ ಹೇಳುತ್ತೇನೆ.

ನಮಗೆ ಕನ್ನಡ ಬೋಧನೆ ಹೇಳಿಕೊಡುತ್ತಿದ್ದವರು ಕೊಟ್ರಪ್ಪ ಮೇಷ್ಟ್ರು. ಹೊಳಲ್ಕೆರೆಯವರು. ನಲವತ್ತೈದರ ಆಸುಪಾಸು, ಒಳ್ಳೆಯ ಕಂಠ, ಇಸ್ತ್ರಿ ಕೆಡದ ಬಿಳಿ ಅಂಗಿ. ಸಂಸ್ಥೆಯ ವಾರ್ಷಿಕ ಸಂಚಿಕೆಗೆ ಅವರೇ ಸಂಪಾದಕರು. ಜೂನ್ ಕೊನೆಯಲ್ಲಿ “ಎಲ್ಲರೂ ಒಂದೊಂದು ಸಣ್ಣ ಕಥೆ ಬರೆದು ತರ್ರಿ, ಚೆನ್ನಾಗಿರೋದು ಸಂಚಿಕೆಗೆ ಹೋಗ್ತೈತೆ” ಎಂದಿದ್ದರು.

ನಾನು ಒಂದು ಪುಟ ಬರೆದೆ. ನಮ್ಮವ್ವ ದಿನಕ್ಕೆ ಹದಿನಾಲ್ಕು ಕೊಡ ನೀರು ಹೊರುತ್ತಿದ್ದಳು. ಅಕ್ಕನ ಮದುವೆಯಾದ ಮೇಲೆ ಮನೆಗೆ ಹನ್ನೆರಡು ಕೊಡ ಸಾಕಾಯಿತು. ಅಜ್ಜಿ ತೀರಿಕೊಂಡ ಮೇಲೆ ಹತ್ತು. ನಾನು ದುರ್ಗಕ್ಕೆ ಬಂದ ಮೇಲೆ ಎಂಟು. ಅವ್ವ ಮಾತ್ರ ಈಗಲೂ ಹದಿನಾಲ್ಕೇ ಹೊರುತ್ತಾಳೆ. ಇಷ್ಟೇ. ಮೂರು ಸಲ ತಿದ್ದಿ, ನಾಲ್ಕನೆಯ ಸಲ ಶುದ್ಧ ಪ್ರತಿ ಮಾಡಿ ಕೊಟ್ಟಿದ್ದೆ.

ಜುಲೈ ಹನ್ನೊಂದು, ಬುಧವಾರ, ಮಧ್ಯಾಹ್ನದ ಎರಡನೇ ತರಗತಿ. ಆಷಾಢದ ಗಾಳಿ ಕೋಟೆಯ ಬಂಡೆಗಳ ಸಂದಿಯಿಂದ ಶಿಳ್ಳೆ ಹೊಡೆದುಕೊಂಡು ಬಂದು ಕಿಟಕಿಗಳನ್ನು ಬಡಿಯುತ್ತಿತ್ತು. ಮೇಷ್ಟ್ರು ನನ್ನ ಹಾಳೆಯನ್ನು ಎತ್ತಿ ಹಿಡಿದು, ಆ ಒಳ್ಳೆಯ ಕಂಠದಲ್ಲಿ ಪೂರ್ತಿ ಓದಿದರು. ಆಮೇಲೆ ಎಡಗೈಯ ಬೆರಳುಗಳನ್ನು ಒಂದೊಂದೇ ಮಡಚತೊಡಗಿದರು.

“ಪಾತ್ರ. ಐತೆ, ಅವ್ವ. ಸ್ಥಳ. ಬಾವಿ ಅಂತ ಇಟ್ಕಳಾಣ. ಘಟನೆ? ನೀರು ತಂದ್ಲು. ತಿರುವು? ಇನ್ನೊಂದಿಷ್ಟು ನೀರು ತಂದ್ಲು. ನೀತಿ?” ಹೆಬ್ಬೆರಳನ್ನು ಹಾಗೇ ನಿಲ್ಲಿಸಿಕೊಂಡು ನನ್ನ ಕಡೆ ನೋಡಿದರು. “ನೀತಿ ಏನಮ್ಮ, ನೀರು ಜಾಸ್ತಿ ಕುಡೀರಿ ಅಂತಲಾ?”

ತರಗತಿ ಗೊಳ್ಳೆಂದಿತು. ನಾನು ಎದ್ದು ನಿಂತೆ.

“ಸಾರ್, ಎಂಟು ಕೊಡ ಸಾಕಾದ್ರೂ ಅವ್ವ ಹದಿನಾಲ್ಕು ತರ್ತಾಳೆ ಸಾರ್. ಅದೇ ಕಥೆ.”

“ಯಾಕೆ ತರ್ತಾಳೆ?”

“ಗೊತ್ತಿಲ್ಲ ಸಾರ್.”

“ಬರೆದೋಳಿಗೇ ಗೊತ್ತಿಲ್ಲ ಅಂದ್ರೆ ಓದೋನಿಗೆ ಏನು ತಿಳೀಬೇಕು? ಇದು ಕಥೆಯಲ್ಲ ಕಣಮ್ಮ. ಕೆರೆ ತೂಬಿನ ಹತ್ರ ಕುಂತು ನೀರು ಬಿಡೋ ನೀರಗಂಟಿ ಕೊಡೋ ರಿಪೋರ್ಟು. ಕುಂತ್ಕ.”

ನನ್ನನ್ನು ಬಿಟ್ಟು ತರಗತಿಯಲ್ಲಿದ್ದವರು ನಲವತ್ತೊಂದು ಮಂದಿ. ನಕ್ಕವರು ಮೂವತ್ತೇಳು, ನಗದವರು ನಾಲ್ವರು. ಶಾಂತ ಮೂವತ್ತೇಳರಲ್ಲಿ ಒಬ್ಬಳು. ಆಮೇಲೆ ಕೇಳಿದ್ದಕ್ಕೆ ಕೆಮ್ಮು ಬಂದಿತ್ತು ಎಂದಳು. ಮೇಷ್ಟ್ರು ನನ್ನ ಹಾಳೆಗೆ ತೆಗೆದುಕೊಂಡ ಸಮಯ ಆರು ನಿಮಿಷ.

ಅವತ್ತಿನಿಂದ ನನ್ನ ಹೆಸರು ನೀರಗಂಟಿ. ಹಾಸ್ಟೆಲಿನ ನಲ್ಲಿ ನಿಂತರೆ “ನೀರಗಂಟಮ್ಮ, ಸ್ವಲ್ಪ ನೀರು ಬಿಡವ್ವ” ಎಂದು ಬಚ್ಚಲಿನಿಂದ ಕೂಗುವರು. ಮಳೆ ಬಂದರೆ “ಇವತ್ತು ಎಷ್ಟು ಕೊಡ ಬಿತ್ತು?” ಎನ್ನುವರು. ದಸರೆ ರಜೆಗೆ ಊರಿಗೆ ಹೊರಡುವ ದಿನದವರೆಗೆ ಅರವತ್ತೊಂದು ಸಲ. ಪ್ರತಿ ಸಲವೂ ದಿನಚರಿಯಲ್ಲಿ ಒಂದು ಗೀಟು. ಜುಲೈ ಹನ್ನೊಂದರ ಪುಟದ ಕೆಳಗೆ ಒಂದೇ ವಾಕ್ಯ ಬರೆದಿಟ್ಟಿದ್ದೆ: ‘ಇವರನ್ನು ಇಷ್ಟೇ ಜನರ ಎದುರು, ಇಷ್ಟೇ ಹೊತ್ತು ನಗೆಪಾಟಲು ಮಾಡಬೇಕು.’

ಮಾಡುವುದು ಹೇಗೆ? ಆಗಸ್ಟಿನಿಂದ ಅಕ್ಟೋಬರಿನವರೆಗೆ ಅವರ ತಪ್ಪುಗಳಿಗೆಂದೇ ಒಂದು ಪುಟ ತೆರೆದೆ. ತಡವಾಗಿ ಬಂದದ್ದು: ಸೊನ್ನೆ. ಸುಳ್ಳು ಹೇಳಿದ್ದು: ಸೊನ್ನೆ. ಒಬ್ಬರಿಗೊಂದು ಒಬ್ಬರಿಗೊಂದು ಮಾಡಿದ್ದು: ಸೊನ್ನೆ. ‘ಗೊತ್ತಾಯ್ತಾ’ ಎಂದದ್ದು: ಗಂಟೆಗೆ ಸರಾಸರಿ ಮೂವತ್ತೊಂದು. ಅದೊಂದನ್ನು ಇಟ್ಟುಕೊಂಡು ಯಾರನ್ನು ಮುಗಿಸಲಾಗುತ್ತದೆ? ಆ ಸೊನ್ನೆಗಳನ್ನು ನೋಡಿದಷ್ಟೂ ನನಗೆ ಉರಿಯುತ್ತಿತ್ತು.

ದಾರಿ ಕಂಡದ್ದು ನವೆಂಬರಿನಲ್ಲಿ. ನಮ್ಮ ತರಬೇತಿಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಪಾಠ ಮಾಡುವಾಗ ಉಳಿದವರು ಅವಲೋಕನ ಪುಸ್ತಕ ಹಿಡಿದು ಕೂರಬೇಕು. ಒಬ್ಬರು ಕಪ್ಪುಹಲಗೆಯ ಬಳಕೆ ಬರೆದುಕೊಂಡರೆ ಇನ್ನೊಬ್ಬರು ಪ್ರಶ್ನೆಗಳನ್ನು, ಮತ್ತೊಬ್ಬರು ಮಕ್ಕಳ ಭಾಗವಹಿಸುವಿಕೆಯನ್ನು. ಆಮೇಲೆ ವಿಮರ್ಶಾ ಸಭೆ. ಅಲ್ಲಿ ಒಬ್ಬೊಬ್ಬರೂ ಎದ್ದು ತಾವು ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಪ್ರಿನ್ಸಿಪಾಲರು ನನ್ನ ಪುಸ್ತಕವನ್ನು ಎರಡು ಸಲ ಎಲ್ಲರಿಗೂ ತೋರಿಸಿ, “ಗಡಿಯಾರ ಸುಳ್ಳು ಹೇಳಬಹುದು, ಈ ಹುಡುಗಿಯ ಪುಸ್ತಕ ಹೇಳುವುದಿಲ್ಲ” ಎಂದಿದ್ದರು.

ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ಅವರ ಮುಂದೆ ಕೊಟ್ರಪ್ಪ ಮೇಷ್ಟ್ರೇ ಕಥೆ ಹೇಳುವ ಮಾದರಿ ಪಾಠ ಮಾಡುತ್ತಾರೆ ಎಂದು ಪ್ರಕಟಣೆ ಬಂತು. ಮೇಷ್ಟ್ರಿಗೆ ಆ ವರ್ಷ ಬಡ್ತಿ ಬರುವುದರಲ್ಲಿತ್ತು. ಪಾಠ ಅದಕ್ಕೇ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಹೋಗಿ ಮಕ್ಕಳ ಭಾಗವಹಿಸುವಿಕೆ ನನಗಿರಲಿ ಎಂದು ಕೇಳಿಕೊಂಡು ಬಂದೆ.

“ನಿನ್ನ ಮುಖ ನೋಡಿದ್ರೇ ಗೊತ್ತಾಗ್ತೈತೆ, ಏನೋ ಮಾಡಾಕೆ ಹೊಂಟೀಯ,” ಎಂದಳು ಶಾಂತ. “ಪ್ರಾಕ್ಟಿಕಲ್ ಮಾರ್ಕು ಅವರ ಕೈಯಾಗೈತೆ ಕಣೆ. ಫೇಲು ಮಾಡಿದ್ರೆ ನೀನೂ ಆದಿವಾಲಕ್ಕೆ ಹೋಗಿ ಕೊಡ ಹೊರ್ತೀಯ. ಆಗ ಕಥೆಗೆ ತಿರುವು ಸಿಗ್ತೈತೆ.”

“ಇದ್ದದ್ದನ್ನ ಬರೀತೀನಿ. ಅಷ್ಟೇ,” ಎಂದೆ.

ನವೆಂಬರ್ ಇಪ್ಪತ್ತೆರಡು, ಗುರುವಾರ. ಈಗ ಶಾಂತಳ ಶಾಲೆ ಇರುವ ಅದೇ ಹಟ್ಟಿಯವರೆಗೆ ನಡೆದೇ ಹೋದೆವು. ಶೇಂಗಾ ಕಿತ್ತು ಮುಗಿದ ಹೊಲಗಳಲ್ಲಿ ಕುರಿಮಂದೆಗಳು ಮೇಯುತ್ತಿದ್ದವು. ಸಾಹೇಬರು ಬರುತ್ತಾರೆಂದು ಶಾಲೆಗೆ ಹಿಂದಿನ ದಿನವೇ ಸುಣ್ಣ ಹೊಡೆಸಿದ್ದರು. ಇನ್ನೂ ಹಸಿಯಿತ್ತು. ಒರಗಿದ ಮಕ್ಕಳ ಕಂಬಳಿಗೆಲ್ಲ ಬಿಳಿ ಮೆತ್ತಿಕೊಂಡಿತ್ತು. ನಾಲ್ಕನೇ ತರಗತಿ, ಇಪ್ಪತ್ತಮೂರು ಮಕ್ಕಳು, ಐದು ಸಾಲು. ನಾವು ಗೋಡೆಗುಂಟ ನಿಂತೆವು. ಪಾಠ ಸರಿಯಾಗಿ ಹನ್ನೊಂದಕ್ಕೆ ಶುರುವಾಯಿತು.

ಮೇಷ್ಟ್ರು ಬಣ್ಣದ ಚಿತ್ರಪಟ ಬಿಚ್ಚಿ ಕಥೆ ಹೇಳಿದರು. ಒಂದು ಮರಿಕುರಿ ಅವ್ವನ ಮಾತು ಮೀರಿ ಗುಡ್ಡ ಹತ್ತಿತು. ತೋಳ ಬಂದು ಹಿಡಿಯಿತು. ಮರಿ ‘ಮ್ಯಾ ಮ್ಯಾ’ ಎಂದು ಕೂಗಿಕೊಂಡಿತು. ಅವ್ವ ಕೇಳಿಸಿಕೊಂಡು ಓಡಿಬಂತು, ಕುರುಬ ಬಡಿಗೆ ತಂದ, ತೋಳ ಓಡಿತು. ಹಿರಿಯರ ಮಾತು ಮೀರಬಾರದು. ಐದು ಬೆರಳೂ ಮಡಚುವ ಕಥೆ. ಮೇಷ್ಟ್ರು ‘ಮ್ಯಾ’ ಎಂದಾಗ ಇನ್ಸ್‌ಪೆಕ್ಟರೂ ನಕ್ಕರು.

ಹನ್ನೊಂದು ಹದಿನಾರು. ಮರಿ ಕೂಗಿದ್ದೇ ತಡ, ಕಡೇ ಸಾಲಿನಲ್ಲಿ ಗೋಡೆಗೆ ಒರಗಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಕರಿಯಮ್ಮ, ಒಂಬತ್ತು ವರ್ಷ. ಮೇಷ್ಟ್ರು ನೋಡಲಿಲ್ಲ. ಹದಿನೆಂಟಕ್ಕೆ ಮತ್ತೆ ಎತ್ತಿದಳು. ಇಪ್ಪತ್ತೊಂದಕ್ಕೆ ಮತ್ತೆ. ಮೇಷ್ಟ್ರ ಪ್ರಶ್ನೆಗಳೆಲ್ಲ ಮುಂದಿನ ಎರಡು ಸಾಲಿಗೆ ಹೋಗುತ್ತಿದ್ದವು. ಅಲ್ಲಿ ಊರಿನ ಪಟೇಲರ, ಅಂಗಡಿಯವರ ಮಕ್ಕಳನ್ನು ಕೂರಿಸಿದ್ದರು. ಮೂರು ತಿಂಗಳು ಹುಡುಕಿದ್ದು ಕಣ್ಣೆದುರಿಗೇ ಗೀಟು ಗೀಟಾಗಿ ಬೀಳುತ್ತಿತ್ತು.

ಹನ್ನೊಂದೂವರೆಗೆ ಇನ್ಸ್‌ಪೆಕ್ಟರು ಟೀ ಕುಡಿಯಲು ಪಟೇಲರ ಮನೆಗೆ ಎದ್ದುಹೋದರು. ಮೂವತ್ತೇಳಕ್ಕೆ ಕರಿಯಮ್ಮ ಒಂಬತ್ತನೆಯ ಸಲ, ಮಂಡಿಯೂರಿ ಎದ್ದು, ಕೈ ಎತ್ತಿದಳು. ಈ ಸಲ ಮೇಷ್ಟ್ರ ಕಣ್ಣಿಗೆ ಬಿತ್ತು.

“ಏನಮ್ಮ, ಆಚಿಗೆ ಹೋಗ್ಬೇಕಾ? ಹೋಗಿ ಬಾ, ಹೋಗು.”

ಮಕ್ಕಳೆಲ್ಲ ತಿರುಗಿ ನೋಡಿ ನಕ್ಕರು. ಹುಡುಗಿ ಆಚೆಗೆ ಹೋಗಲಿಲ್ಲ. ಕುಳಿತಳು. ನಲವತ್ತಕ್ಕೆ ಮೇಷ್ಟ್ರು “ಯಾರಿಗಾದ್ರೂ ಏನಾದ್ರೂ ಕೇಳೋದೈತಾ?” ಎಂದರು. ಆ ಕೈ ಏಳಲಿಲ್ಲ. ನಲವತ್ತೈದಕ್ಕೆ ಗಂಟೆ.

ನಮ್ಮವರೆಲ್ಲ ಬುತ್ತಿ ಬಿಚ್ಚಲು ಹುಣಿಸೆ ಮರದಡಿಗೆ ಓಡಿದರು. ಮಕ್ಕಳೂ ಹೋದರು. ಶಿಕ್ಷಕರು ಹೊಸ್ತಿಲು ದಾಟುವವರೆಗೆ ಅವಲೋಕನ ಬರೆಯಬೇಕು ಎಂಬುದು ನಿಯಮ. ಆ ನಿಯಮವನ್ನು ನಮಗೆ ಕಲಿಸಿದವರೂ ಕೊಟ್ರಪ್ಪ ಮೇಷ್ಟ್ರೇ. ನಾನು ಉಳಿದೆ. ಹುಡುಗಿಯೂ ಎದ್ದಿರಲಿಲ್ಲ. ಮೇಷ್ಟ್ರು ಚಿತ್ರಪಟ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಹೊರಟವರು, ಬಾಗಿಲ ಹತ್ತಿರ ನಿಂತು, ತಿರುಗಿ ಕಡೇ ಸಾಲಿನವರೆಗೆ ನಡೆದು ಹೋದರು. ಬಿಳಿ ಪಂಚೆ ನೆಲಕ್ಕೆ ತಾಗುವಂತೆ ಕುಕ್ಕರಗಾಲಿನಲ್ಲಿ ಕುಳಿತರು.

“ಆಚಿಗೆ ಹೋಗಾಕಲ್ಲ, ಅಲ್ವೇನಮ್ಮ? ಏನು ಹೇಳ್ಬೇಕಾಗಿತ್ತು?”

ಹುಡುಗಿ ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡಳು.

“ತೋಳ ಹಿಡಿದ್ರೆ ಕುರಿ ಕೂಗಲ್ಲ ಸಾ. ಮೇಕೆ ಆದ್ರೆ ಕೂಗ್ತಾವೆ. ಕುರಿ ಸುಮ್ಕಾಗ್ತಾವೆ.”

“ಹಂಗಾ? ಮತ್ತೆ ಅವ್ವ ಕುರಿಗೆ ಹೆಂಗೆ ಗೊತ್ತಾಗ್ತೈತೆ?”

“ಗೊತ್ತಾಗಲ್ಲ ಸಾ. ಸಂಜೀಕೆ ನಮ್ಮಪ್ಪ ಎಣಿಸ್ತಾನಲ್ಲ, ಆಗ್ಲೇ ಗೊತ್ತಾಗೋದು.”

“ನನಗೆ ಗೊತ್ತಿರಲಿಲ್ಲ ಕಣಮ್ಮ,” ಎಂದರು ಮೇಷ್ಟ್ರು. ಅವಳ ಕಂಬಳಿಗೆ ಮೆತ್ತಿದ್ದ ಸುಣ್ಣವನ್ನು ಕೈಯಿಂದ ಕೊಡವಿ ಎದ್ದರು. ಹನ್ನೊಂದು ನಲವತ್ತೆಂಟರಿಂದ ಐವತ್ತೊಂದು. ಬರೆದುಕೊಂಡೆ. ಅವರು ನನ್ನನ್ನೂ ನೋಡಿದರು, ನನ್ನ ಪೆನ್ಸಿಲನ್ನೂ ನೋಡಿದರು.

ಶುದ್ಧ ಪ್ರತಿಯನ್ನು ಹುಣಿಸೆ ಮರದ ಆಚೆ ಬದಿಗೆ ಕುಳಿತು ಮಾಡಿದೆ. ಶಾಂತ ರೊಟ್ಟಿ ಹಿಡಿದುಕೊಂಡು ಎರಡು ಸಲ ಕರೆದಳು, ಹೋಗಲಿಲ್ಲ. ನಲವತ್ತೆಂಟರ ಸಾಲು ಬಂದಾಗ ಪೆನ್ನು ನಿಂತಿತು. ಅದನ್ನು ಬರೆದರೆ ಮೇಲಿನದೆಲ್ಲ ತಣ್ಣಗಾಗುತ್ತದೆ. ಕೇಳಿದವರು ‘ಪಾಪ, ಕೊನೆಗಾದರೂ ಕೇಳಿದರಲ್ಲ’ ಎನ್ನುತ್ತಾರೆ. ಇನ್ನೊಂದು ಸಂಕಟವೂ ಇತ್ತು. ನಾನು ಒಂದು ಪುಟ ತಿಣುಕಿ ಹೇಳಲಾಗದ್ದನ್ನು, ಇಲ್ಲವಾದದ್ದು ಎಣಿಸಿದಾಗಲೇ ತಿಳಿಯುವುದು ಎಂಬುದನ್ನು, ಆ ಮೂಗಿನ ಸಿಂಬಳ ಒರೆಸಿಕೊಳ್ಳುವ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದ್ದಳು. ಗಂಟೆ ಹೊಡೆದ ಮೇಲೆ ನಡೆದದ್ದು ಪಾಠವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ಸಾಲು ಬಿಟ್ಟೆ. ನನ್ನ ಜನ್ಮದಲ್ಲಿ ನಾನು ಬಿಟ್ಟ ಮೊದಲ ನಮೂದು ಅದು.

ಮಧ್ಯಾಹ್ನ ಎರಡಕ್ಕೆ ಅದೇ ಕೋಣೆಯಲ್ಲಿ ಸಭೆ. ಕಪ್ಪುಹಲಗೆಯವರು ಹೊಗಳಿದರು, ಚಿತ್ರಪಟದವರು ಹೊಗಳಿದರು. ನನ್ನ ಸರದಿ ಬಂತು. ಎದ್ದು, ಒಂದು ಗುಣವಾಚಕವೂ ಇಲ್ಲದೆ ಓದಿದೆ. ಒಟ್ಟು ಪ್ರಶ್ನೆ ಇಪ್ಪತ್ತಾರು. ಮುಂದಿನ ಎರಡು ಸಾಲಿಗೆ ಇಪ್ಪತ್ತನಾಲ್ಕು. ಕಡೇ ಸಾಲಿಗೆ ಸೊನ್ನೆ. ಹನ್ನೊಂದು ಹದಿನಾರು, ಕಡೇ ಸಾಲಿನ ಹುಡುಗಿ ಕೈ ಎತ್ತಿದಳು. ಹದಿನೆಂಟು, ಕೈ ಎತ್ತಿದಳು. ಇಪ್ಪತ್ತೊಂದು, ಕೈ ಎತ್ತಿದಳು. ನಾಲ್ಕನೆಯ ಸಲಕ್ಕೆ ಯಾರೋ ಕಿಸಕ್ಕೆಂದರು. ಆರನೆಯದಕ್ಕೆ ಅರ್ಧ ಕೋಣೆ ನಗುತ್ತಿತ್ತು. “ಆಚಿಗೆ ಹೋಗ್ಬೇಕಾ” ಎಂಬುದನ್ನು ಮೇಷ್ಟ್ರ ಮಾತಿನಲ್ಲೇ ಓದಿದಾಗ ಹುಡುಗರು ಬೆನ್ನು ಬಗ್ಗಿಸಿ ನಕ್ಕರು. ನಗು ಇಳಿಯುವವರೆಗೆ ಕಾದು ಕೊನೆಯ ಎರಡು ಸಾಲು ಓದಿದೆ: ‘ಹನ್ನೊಂದು ನಲವತ್ತು. ಏನಾದರೂ ಕೇಳುವುದಿದೆಯೇ ಎಂದು ಶಿಕ್ಷಕರು ಕೇಳಿದರು. ಹುಡುಗಿ ಕೈ ಎತ್ತಲಿಲ್ಲ.’

ಇನ್ನೂ ನಗುತ್ತಿದ್ದ ಒಬ್ಬಿಬ್ಬರೂ ಒಮ್ಮೆಗೇ ನಗು ನಿಲ್ಲಿಸಿದರು. ಜುಲೈಯಲ್ಲಿ ನನ್ನ ಹಾಳೆಗೆ ಸಿಗದೇ ಹೋದದ್ದು ಇದೇ ಎಂದು ನನಗೆ ಆಗ ತಿಳಿಯಿತು.

ಇನ್ಸ್‌ಪೆಕ್ಟರು ಕನ್ನಡಕ ತೆಗೆದರು. “ಇಷ್ಟೇ ಏನಮ್ಮ? ಇನ್ನೇನಾದರೂ ಉಳಿದಿದೆಯೇ?”

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

“ಇಲ್ಲ ಸಾರ್,” ಎಂದೆ.

ಇನ್ಸ್‌ಪೆಕ್ಟರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮೇಷ್ಟ್ರಿಗೆ ಉತ್ತರ ಕೊಡಲು ಅವಕಾಶವಿತ್ತು. ಎದ್ದು ನಿಂತರು, “ನಮೂದಿಸಿರೋದು ಸರಿಯಾಗಿದೆ ಸಾರ್” ಎಂದು ಕುಳಿತರು. ನಾನು ಓದಲು ಎದ್ದಾಗಿನಿಂದ ಪೂರ್ತಿ ಏಳು ನಿಮಿಷ. ಅವರು ನನಗೆ ಕೊಟ್ಟದ್ದಕ್ಕಿಂತ ಒಂದು ಹೆಚ್ಚು.

ಆ ಚಳಿಗಾಲ ನನ್ನ ಬದುಕಿನ ಅತ್ಯಂತ ಸುಖದ ಕಾಲ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಕೊಟ್ರಪ್ಪ ಮೇಷ್ಟ್ರು ತರಗತಿಗೆ ಬಂದರೆ ಹಿಂದಿನ ಸಾಲಿನ ಹುಡುಗರು ಸುಮ್ಮಸುಮ್ಮನೆ ಕೈ ಎತ್ತುವರು. “ಏನ್ರಿ?” ಎಂದರೆ “ಆಚಿಗೆ ಹೋಗ್ಬೇಕು ಸಾರ್” ಎನ್ನುವರು. ಡಿಸೆಂಬರಿನಲ್ಲಿ ಹೀಗೆ ಹತ್ತೊಂಬತ್ತು ಸಲ. ನನ್ನನ್ನು ನೀರಗಂಟಿ ಎಂದದ್ದು ಸೊನ್ನೆ. ಬಡ್ತಿ ಬೇರೆಯವರಿಗೆ ಹೋಯಿತು. ಆ ಸುದ್ದಿ ಬಂದ ದಿನ ನಾನು ಶಾಂತಳಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ಅವಳು ತಿಂದಳು, ಆದರೆ ನಗಲಿಲ್ಲ.

ಫೆಬ್ರವರಿ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಮೇಷ್ಟ್ರು ತಮ್ಮ ಕೋಣೆಗೆ ಕರೆಸಿದರು. ಫೇಲು ಮಾಡುವ ಮಾತು ಎಂದುಕೊಂಡೇ ಹೋದೆ. ಮೇಜಿನ ಮೇಲೆ ವಾರ್ಷಿಕ ಸಂಚಿಕೆಯ ಕರಡು ಅಚ್ಚು ಹರಡಿತ್ತು. ನಡುವೆ ನನ್ನ ಅವಲೋಕನದ ವರದಿ, ಅಕ್ಷರ ಬಿಡದೆ ಅಚ್ಚಾಗಿತ್ತು.

“ಕುಂತ್ಕಮ್ಮ. ಇದನ್ನ ಸಂಚಿಕೆಗೆ ತಗಂಡೀನಿ. ಯಾವ ವಿಭಾಗಕ್ಕೆ ಹಾಕೋದು ಅಂತ ನೀನೇ ಹೇಳ್ಬೇಕು.”

“ಅದು ವರದಿ ಸಾರ್.”

“ವರದಿ ಅಂದ್ರೆ ಪೂರ್ತಿ ಇರ್ಬೇಕು. ನಲವತ್ತೆಂಟರಿಂದ ಐವತ್ತೊಂದು ಎಲ್ಲೈತೆ?” ಒಂದು ಪೆನ್ನು ನನ್ನ ಕಡೆಗೆ ತಳ್ಳಿದರು. “ಇಲ್ಲಿ ಜಾಗ ಬಿಡಿಸಿದೀನಿ. ಬರಿ. ಬರೆದ್ರೆ ‘ವರದಿಗಳು’ ಅನ್ನೋದ್ರಾಗೆ ಹೋಗ್ತೈತೆ. ಬರೀಲಿಲ್ಲ ಅಂದ್ರೆ ‘ಕಥೆಗಳು’.”

ಅವರ ಹೂಟ ಆಗ ಅರ್ಥವಾಯಿತು. ಕಥೆಗಳ ಅಡಿಯಲ್ಲಿ ಬಂದರೆ ಓದುವವರಿಗೆ ಅದು ಕಟ್ಟಿದ್ದು. ಕೊಟ್ರಪ್ಪ ಮೇಷ್ಟ್ರು ಪಾರು. ವರದಿಗಳ ಅಡಿಯಲ್ಲಿ ಆ ಸಾಲಿನೊಂದಿಗೆ ಬಂದರೆ, ಇನ್ಸ್‌ಪೆಕ್ಟರ ಎದುರು ‘ಇಲ್ಲ ಸಾರ್’ ಎಂದವಳು ನಾನು ಎಂಬುದು ಇಡೀ ಸಂಸ್ಥೆಗೆ ಗೊತ್ತಾಗುತ್ತದೆ.

“ಅವತ್ತೇ ಯಾಕೆ ಹೇಳಲಿಲ್ಲ ಸಾರ್ ನೀವು?”

“ಹೇಳಿದ್ರೆ ಯಾರು ನಂಬೋರು? ನಿನ್ನ ಹತ್ರ ನಿಮಿಷ ನಿಮಿಷದ ಲೆಕ್ಕ ಇತ್ತು. ನನ್ನ ಹತ್ರ ಬರೀ ಬಾಯಿ. ಅದೂ ಬಡ್ತಿ ಬೇಕಾದೋನ ಬಾಯಿ.” ಕರಡಿನ ಮೇಲೆ ಬೆರಳಿಟ್ಟು, “ಒಂದು ಮಾತ್ರ ನಿಜ ಕಣಮ್ಮ. ಆ ಸಾಲು ಬಿಟ್ಟಿದ್ದಕ್ಕೇ ಅದು ಕಥೆ ಆಗಿರೋದು. ಕೇಳ್ತಿದ್ದಾಗ ನನಗೇ ನನ್ನ ಮೇಲೆ ಸಿಟ್ಟು ಬಂತು. ಅಷ್ಟು ಚೆನ್ನಾಗೈತೆ,” ಎಂದರು.

ನಾನು ಪೆನ್ನು ಕೈಗೆ ತೆಗೆದುಕೊಂಡೆ. ಅಚ್ಚಿನ ಮಸಿ ಇನ್ನೂ ಹಸಿಯಿದ್ದು ಬೆರಳಿಗೆ ಅಂಟಿತು. ಆ ಖಾಲಿ ಜಾಗ ಸರಿಯಾಗಿ ಐದು ಸಾಲಿನಷ್ಟಿತ್ತು. ಹುಡುಗಿಯ ಎರಡು ಮಾತು, ಮೇಷ್ಟ್ರ ಮೂರು ಮಾತು. ಅಳತೆ ಹಾಕಿಯೇ ಬಿಡಿಸಿದ್ದರು. ಎಷ್ಟು ಹೊತ್ತು ಕುಳಿತಿದ್ದೆನೋ, ಆ ಒಂದು ಹೊತ್ತಿನ ಲೆಕ್ಕ ನನ್ನ ದಿನಚರಿಯಲ್ಲಿಲ್ಲ. ಕೊನೆಗೆ ಪೆನ್ನು ಕೆಳಗಿಟ್ಟೆ.

“ಕಥೆಗಳಿಗೇ ಹಾಕ್ರಿ ಸಾರ್.”

ಅವರು ತಲೆಯಾಡಿಸಿ, ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಮೇಲೆ ಕೆಂಪು ಶಾಯಿಯಲ್ಲಿ ‘ಕಥೆ’ ಎಂದು ಬರೆದರು. ನಾನು ಬಾಗಿಲ ಹತ್ತಿರ ಹೋಗಿದ್ದೆ.

“ರಂಗಮ್ಮ,” ಎಂದರು. ಇಡೀ ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. “ಒಂಬತ್ತು ಸಲ ನಾನು ಆ ಹುಡುಗೀನ ಮಾತಾಡಾಕೆ ಬಿಡಲಿಲ್ಲ. ಒಪ್ತೀನಿ. ಆದ್ರೆ ಮಾತಾಡಿದ ಮೇಲೂ ಅವಳ ಬಾಯಿ ಮುಚ್ಚಿಸಿದೋಳು ನೀನು.”

ಪ್ರಾಕ್ಟಿಕಲ್‌ನಲ್ಲಿ ನೂರಕ್ಕೆ ಎಂಬತ್ತೊಂದು ಕೊಟ್ಟಿದ್ದರು. ತರಗತಿಗೇ ಹೆಚ್ಚು. ಸಂಚಿಕೆ ಮಾರ್ಚಿನಲ್ಲಿ ಬಂತು. ಕಥೆಗಳ ವಿಭಾಗದಲ್ಲಿ ಮೊದಲನೆಯದೇ ನನ್ನದು. ನಕ್ಕಿದ್ದ ಮೂವತ್ತೇಳು ಮಂದಿಯಲ್ಲಿ ಇಪ್ಪತ್ತೆಂಟು ಮಂದಿ ಬಂದು ಚೆನ್ನಾಗಿದೆ ಎಂದರು. “ಎಷ್ಟು ನಿಜ ಅನ್ನಿಸೋ ಹಂಗೆ ಕಟ್ಟಿದೀಯ!” ಎಂದೂ ಅವತ್ತು ಹಟ್ಟಿಗೆ ಬಾರದಿದ್ದ ಕೆಲವರು ಹೇಳಿದರು.

ಆಮೇಲೆ ನಾನು ಹನ್ನೊಂದು ಕಥೆ ಬರೆದಿದ್ದೇನೆ. ಮೂರು ಅಚ್ಚಾಗಿವೆ. ಪ್ರತಿಯೊಂದರಲ್ಲೂ ಯಾವ ಸಾಲು ಬಿಡಬೇಕು ಎಂದು ನನಗೆ ಚೆನ್ನಾಗಿ ಗೊತ್ತಾಗುತ್ತದೆ, ಬಿಡುವಾಗೆಲ್ಲ ಕೊಟ್ರಪ್ಪ ಮೇಷ್ಟ್ರು ಬಾಗಿಲ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಾರೆ. ಅವರು ಈಗ ಎಲ್ಲಿದ್ದಾರೋ ನಾನು ವಿಚಾರಿಸಿಲ್ಲ. ನೀರಗಂಟಿ ಎಂದು ನಗಿಸಿದ್ದನ್ನು ಎಂದೋ ಮರೆತುಬಿಡಬಹುದಿತ್ತು. ಆ ಮನುಷ್ಯ ಕೊನೆಗೆ ಹೇಳಿದ ಮಾತು ಸರಿಯಾಗಿತ್ತು ಎಂಬುದನ್ನು ಮಾತ್ರ ಕ್ಷಮಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.